ಜರ್ನಲ್ ಲಾಗಿನ್ ಯಾರ ಕೈಗೂ ಕೊಡಬೇಡಿ

ನನ್ನ ಒಂದು ಸಂಶೋಧನಾ ಪೇಪರ್‌ನ ಪಿಡಿಎಫ್ ಈಗ ತೆರೆದರೆ, ಪ್ರತಿ ಪುಟದ ಮೇಲೂ ಅಡ್ಡಲಾಗಿ ದಪ್ಪ ಅಕ್ಷರದಲ್ಲಿ 'ರಿಟ್ರ್ಯಾಕ್ಟೆಡ್' ಎಂದಿದೆ. ಅಂದರೆ ಪ್ರಕಟಿಸಿದ ಜರ್ನಲ್ (ಸಂಶೋಧನಾ ಪತ್ರಿಕೆ) ಅದನ್ನು ವಾಪಸ್ ಪಡೆದಿದೆ. ಡೇಟಾ ನಿಜ, ಪ್ರಯೋಗವೂ ನಿಜ. ಮೋಸ ಆಗಿದ್ದು ರಿವ್ಯೂನಲ್ಲಿ, ಅಂದರೆ ಪ್ರಕಟಿಸುವ ಮೊದಲು ಅದೇ ವಿಷಯದ ಬೇರೆ ತಜ್ಞರು ಪೇಪರ್ ಓದಿ ಪರೀಕ್ಷಿಸುವ ಹಂತದಲ್ಲಿ.

ಭಾಷೆ ತಿದ್ದಿಕೊಡುವ ಸಂಸ್ಥೆಯೊಂದಕ್ಕೆ ಪೇಪರ್ ಕೊಟ್ಟಿದ್ದೆ. "ಸಬ್‌ಮಿಟ್ ಮಾಡೋದೂ ನಾವೇ ನೋಡ್ಕೋತೀವಿ, ಲಾಗಿನ್ ಕೊಡಿ" ಅಂದರು. ಕೆಲಸದ ಗಡಿಬಿಡಿಯಲ್ಲಿ ಕೊಟ್ಟುಬಿಟ್ಟೆ. ಎಷ್ಟೋ ಜರ್ನಲ್‌ಗಳು, ರಿವ್ಯೂ ಮಾಡಬಲ್ಲವರ ಹೆಸರು, ಇಮೇಲ್ ಸೂಚಿಸಿ ಎಂದು ಲೇಖಕರನ್ನೇ ಕೇಳುತ್ತವೆ. ಅಲ್ಲಿ ಅವರು ಮೂರು ಹೆಸರು ತುಂಬಿದ್ದರು. ಮೂವರೂ ನಮ್ಮ ವಿಷಯದ ನಿಜವಾದ ಪ್ರೊಫೆಸರ್‌ಗಳೇ. ಇಮೇಲ್ ಮಾತ್ರ ಅವರದಲ್ಲ, ಯಾರು ಬೇಕಾದರೂ ತೆರೆಯಬಹುದಾದ ಉಚಿತ ಖಾತೆಗಳು. ಸಂಪಾದಕರ ಪತ್ರ ಹೋಗಿದ್ದು ಸೀದಾ ಆ ಸಂಸ್ಥೆಯವರಿಗೆ!

ಮೂರೇ ದಿನಕ್ಕೆ ರಿವ್ಯೂ ಬಂತು. 'ಉತ್ತಮ ಕೆಲಸ, ಒಂದೆರಡು ಸ್ಪೆಲಿಂಗ್ ನೋಡಿಕೊಳ್ಳಿ.' ಅಷ್ಟೇ. ನಿಜವಾಗಿ ಓದಿದವರು ಹೀಗೆ ಬಿಡ್ತಾರಾ? ಸ್ಯಾಂಪಲ್ ಯಾಕಿಷ್ಟು ಕಡಿಮೆ, ಈ ಗ್ರಾಫ್‌ಗೆ ಎರರ್ ಬಾರ್ (ಅಂಕಿ ಎಷ್ಟು ಆಚೀಚೆ ಆಗಬಹುದೆಂದು ತೋರಿಸುವ ಗೆರೆ) ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ನಾನು ಖುಷಿಯಲ್ಲಿದ್ದೆ, ಯೋಚಿಸಲಿಲ್ಲ.

ಯೋಚಿಸಿದ್ದರೂ ಯಾರು ಬರೆದದ್ದು ಅಂತ ಗೊತ್ತಾಗುತ್ತಿರಲಿಲ್ಲ. ನಮಗೆ ಕಾಣುವುದು 'ರಿವ್ಯೂವರ್ 1', 'ರಿವ್ಯೂವರ್ 2' ಅಂತ ಮಾತ್ರ. ಮುಲಾಜಿಲ್ಲದೆ ತಪ್ಪು ಹೇಳಲಿ ಅಂತಲೇ ಹೆಸರು ಮುಚ್ಚಿಡುವುದು. ಆ ಪದ್ಧತಿ ಬೇಕು ಅಂತ ಈಗಲೂ ಹೇಳುತ್ತೇನೆ. ಆದರೆ ಹೆಸರು ಕಾಣುವುದು ಸಂಪಾದಕರಿಗೆ ಮಾತ್ರ. ಅವರು ವಿಳಾಸ ಪರೀಕ್ಷಿಸದಿದ್ದರೆ ಬೇರೆ ಯಾರಿಗೂ ಅನುಮಾನ ಬರುವುದಿಲ್ಲ.

ಇಂಥದ್ದು ದೊಡ್ಡ ಮಟ್ಟದಲ್ಲೂ ನಡೆದಿದೆ. 2014ರಲ್ಲಿ 'ಜರ್ನಲ್ ಆಫ್ ವೈಬ್ರೇಶನ್ ಅಂಡ್ ಕಂಟ್ರೋಲ್' 60 ಪೇಪರ್‌ಗಳನ್ನು ವಾಪಸ್ ಪಡೆಯಿತು. 2017ರಲ್ಲಿ 'ಟ್ಯೂಮರ್ ಬಯಾಲಜಿ'ಯ 107 ಪೇಪರ್‌ಗಳು ಒಟ್ಟಿಗೆ ಹೋದವು. ಎರಡೂ ಕಡೆ ಕಾರಣ ಮೋಸದ ರಿವ್ಯೂ.

ನನಗೆ ಜಾಸ್ತಿ ನೋವಾಗಿದ್ದು ಜೊತೆಗೆ ಬರೆದ ವಿದ್ಯಾರ್ಥಿನಿಯ ವಿಷಯದಲ್ಲಿ. ಅದು ಅವಳ ಮೊದಲ ಪೇಪರ್. ಕೆಲಸದ ಅರ್ಜಿಯಿಂದ ಆ ಸಾಲನ್ನು ಅವಳು ಅಳಿಸಬೇಕಾಯಿತು. ಅವಳ ತಪ್ಪು ಏನೂ ಇರಲಿಲ್ಲ.

ಭಾಷೆ ತಿದ್ದಿಸಿಕೊಳ್ಳಿ, ತೊಂದರೆಯಿಲ್ಲ. ಸಬ್‌ಮಿಟ್ ಮಾತ್ರ ನೀವೇ ಮಾಡಿ. ರಿವ್ಯೂವರ್ ಹೆಸರು ಸೂಚಿಸುವುದಾದರೆ ಅವರ ವಿಶ್ವವಿದ್ಯಾಲಯದ ಪುಟದಲ್ಲಿರುವ ಇಮೇಲನ್ನೇ ಹಾಕಿ. ಈಗಾಗಲೇ ಲಾಗಿನ್ ಕೊಟ್ಟಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ, ಏನೇನು ತುಂಬಿದ್ದಾರೆ ನೋಡಿ. ಗೊತ್ತಿಲ್ಲದ ವಿಳಾಸ ಕಂಡರೆ ಸಂಪಾದಕರು ಕೇಳುವ ಮೊದಲೇ ಅವರಿಗೆ ನೀವೇ ಬರೆಯಿರಿ.