ಅನಾನಸ್ ನಾರಿನ ಬಾರೋಂಗ್: ಕುಪ್ಯ ಹೊಲಿಯುವವನು ಕಂಡಂತೆ

ವಿರಾಜಪೇಟೆಯಲ್ಲಿ 30 ವರ್ಷದಿಂದ ಕೊಡವ ಗಂಡಸರ ನಿಲುವಂಗಿ ಕುಪ್ಯ ಹೊಲಿಯುತ್ತಿದ್ದೇನೆ. ಯಾವ ಅಂಗಿ ಕೈಗೆ ಬಂದರೂ ಮೊದಲು ಒಳಮಗ್ಗುಲು ಮಗುಚಿ ನೋಡುವುದು ನನ್ನ ಅಭ್ಯಾಸ. ಫಿಲಿಪ್ಪೀನ್ಸ್‌ನಲ್ಲಿ ವೈದ್ಯಕೀಯ ಓದುತ್ತಿರುವ ಮಗಳು ರಜೆಗೆ ಬಂದಾಗ ಅಲ್ಲಿಯ ಗಂಡಸರ ಉಡುಪು ಬಾರೋಂಗ್ ತಗಾಲೋಗ್ ತಂದುಕೊಟ್ಟಳು. ಅದನ್ನು ಮಗುಚುವ ಅಗತ್ಯವೇ ಬೀಳಲಿಲ್ಲ. ಬಟ್ಟೆ ಎಷ್ಟು ತೆಳುವೆಂದರೆ ಒಳಹೊಲಿಗೆಯೆಲ್ಲ ಹೊರಗಿನಿಂದಲೇ ಕಾಣುತ್ತದೆ.

ಕುಪ್ಯಕ್ಕೆ ಕಪ್ಪು ಬಟ್ಟೆ, ಒಳಗೆ ಲೈನಿಂಗ್. ಭುಜದಲ್ಲಿ ಹೊಲಿಗೆ ಒಂದು ನೂಲು ಅತ್ತಿತ್ತ ಆದರೂ ಮುಚ್ಚಿಹೋಗುತ್ತದೆ. ಬಾರೋಂಗ್ ಹೊಲಿದವರಿಗೆ ಆ ಆಸರೆಯೇ ಇಲ್ಲ. ಪಕ್ಕದ ಹೊಲಿಗೆಗಳು ಗೋಧಿ ಕಾಳಿಗಿಂತ ಸಣ್ಣ ಅಗಲದಲ್ಲಿ, ಕಂಕುಳಿನಿಂದ ಕೆಳಗಿನವರೆಗೂ ಒಂದೇ ಸಮ. ಆ ಕೈಗೆ ನನ್ನ ನಮಸ್ಕಾರ.

ಇದು ಪಿನ್ಯಾ-ಸೇದಾ ಬಟ್ಟೆ. ಹಾಸು ರೇಷ್ಮೆ, ಹೊಕ್ಕು ಅನಾನಸ್ ಎಲೆಯ ನಾರು. ಎಲೆಯ ಹಸಿರನ್ನು ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದು ಮೊದಲು ಒರಟು ನಾರು ತೆಗೆಯುತ್ತಾರೆ. ಅದರಡಿಯ ನಯವಾದ ನಾರನ್ನು ತೆಂಗಿನ ಚಿಪ್ಪಿನಿಂದ ಕೆರೆದು ಬಿಡಿಸಿ, ತೊಳೆದು ಒಣಗಿಸಿ, ಎಳೆಗೆ ಎಳೆ ಕೈಯಲ್ಲೇ ಗಂಟು ಹಾಕುತ್ತಾರೆ. ಭೂತಗನ್ನಡಿ ಹಿಡಿದು ನೋಡಿದೆ, ಆ ಗಂಟುಗಳು ಸಾಸಿವೆಯ ಕಾಲುಭಾಗವೂ ಇಲ್ಲ. ಈ ನೇಯ್ಗೆಯ ತವರು ಅಕ್ಲಾನ್ ಪ್ರಾಂತ್ಯದ ಕಾಲಿಬೋ. 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿತು. ನಮ್ಮ ತೋಟದ ಬದಿಯಲ್ಲೂ ಅನಾನಸ್ ಇದೆ. ಹಣ್ಣು ಕೊಯ್ದ ಮೇಲೆ ಎಲೆ ಕೊಚ್ಚಿ ಕಾಫಿ ಗಿಡದ ಬುಡಕ್ಕೆ ಹಾಕುತ್ತೇವೆ. ಈಗ ಕತ್ತಿ ಎತ್ತುವಾಗಲೆಲ್ಲ ಕೈ ಒಮ್ಮೆ ತಡೆಯುತ್ತದೆ.

ಎದೆಯ ಮೇಲಿನ ಕಸೂತಿ ಲಗೂನಾ ಪ್ರಾಂತ್ಯದ ಲುಂಬಾನ್ ಊರಿನದು. ಬಳ್ಳಿಯ ನಡುವೆ ಬಟ್ಟೆಯ ಎಳೆಗಳನ್ನೇ ಎಳೆದು ತೆಗೆದು, ಉಳಿದವನ್ನು ಕಟ್ಟಿ ಜಾಲರಿ ಮಾಡಿದ್ದಾರೆ. ಕಲಾಡೋ ಎನ್ನುತ್ತಾರೆ. ಒಂದು ಎಳೆ ಹೆಚ್ಚು ಎಳೆದರೆ ಇಡೀ ಬಟ್ಟೆ ಹಾಳು.

ಬಾರೋಂಗನ್ನು ಪ್ಯಾಂಟಿನೊಳಗೆ ಸೇರಿಸುವುದಿಲ್ಲ, ಹೊರಗೇ ಬಿಡುತ್ತಾರೆ. ಸೊಂಟದಲ್ಲಿ ಆಯುಧ ಬಚ್ಚಿಡಬಾರದೆಂದು ಹಿಂದೆ ಅಲ್ಲಿ ಆಳುತ್ತಿದ್ದ ಸ್ಪೇನಿನವರು ಹಾಗೆ ಕಡ್ಡಾಯ ಮಾಡಿದರೆಂಬ ಕಥೆ ಅಲ್ಲಿ ಮನೆಮಾತಂತೆ. ಅಂಥ ಆಜ್ಞೆಗೆ ದಾಖಲೆ ಸಿಕ್ಕಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಸೊಂಟಕ್ಕೆ ಸುತ್ತುವ ಚೇಲೆಗೆ ಪೀಚೆಕತ್ತಿ ಎಂಬ ಬಾಕು ಸಿಕ್ಕಿಸಿ ನಿಲ್ಲುವವರಿಗೆ ಕುಪ್ಯ ಹೊಲಿಯುವ ನನಗೆ ಆ ಕಥೆ ಕೇಳಿ ಸಂಕಟವಾಗಿತ್ತು. ದಾಖಲೆ ಇಲ್ಲವೆಂದು ತಿಳಿದ ಮೇಲೆ ಸಮಾಧಾನವಾಯಿತು. 1953ರ ಡಿಸೆಂಬರ್ 30ರಂದು ರಾಮೋನ್ ಮ್ಯಾಗ್ಸೇಸೆ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದು ಸೂಟಿನಲ್ಲಲ್ಲ, ಬಾರೋಂಗಿನಲ್ಲಿ. ಆಮೇಲೆ ಇದರ ಗೌರವವೇ ಬೇರೆಯಾಯಿತು.

ಕೊರತೆಯೂ ಇದೆ. ಮಗಳು ನನ್ನ ಹಳೆಯ ಶರ್ಟಿನ ಅಳತೆ ಸರಿಯಾಗಿಯೇ ಕೊಟ್ಟಿದ್ದಳು, ಆದರೂ ಕಾಲರ್ ಅರ್ಧ ಇಂಚು ಬಿಗಿ. ಇಂಥ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ, ಹಾಗಾಗಿ ಬಿಚ್ಚಲಿಲ್ಲ, ಮೇಲಿನ ಗುಂಡಿಯನ್ನಷ್ಟೇ ಸರಿಸಿದೆ. 12,000 ಪೆಸೊ ತೆಗೆದುಕೊಂಡ ಅಂಗಡಿಯವರು ಒಳಗೆ ಹಾಕುವ ಬಿಳಿ ಅಂಗಿಯನ್ನಾದರೂ ಕೊಡಬೇಕಿತ್ತು. ಅದಿಲ್ಲದೆ ಬಾರೋಂಗ್ ಹಾಕಲಾಗದು. ಕೊನೆಗೆ ಮಲ್ ಬಟ್ಟೆಯಲ್ಲಿ ನಾನೇ ಹೊಲಿದುಕೊಂಡೆ.

ಮೇ ತಿಂಗಳಲ್ಲಿ ಅಕ್ಕನ ಮಗನ ರಿಸೆಪ್ಶನ್‌ಗೆ ಹಾಕಿಕೊಂಡು ಹೋದೆ. ಮೈಮೇಲೆ ಭಾರವೇ ಇಲ್ಲ, ಸೆಕೆಯೂ ತಟ್ಟಲಿಲ್ಲ. ಚಳಿಗಾಲದ ಸಂಜೆಗೆ ಮಾತ್ರ ಇದು ಆಗುವುದಿಲ್ಲ. ತಣ್ಣೀರಲ್ಲಿ ಸೋಪು ಕದಡಿ ಅದ್ದಿ ತೆಗೆಯಬೇಕು, ಹಿಂಡಬಾರದು. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಹಳೆಯ ಮಲ್ ಪಂಚೆಯಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಪಕ್ಕದ ಗೋಡೆಯ ಕಪಾಟಿನಲ್ಲಿ ಇಟ್ಟಿದ್ದೇನೆ.

ಮುಂದಿನ ರಜೆಗೆ ಬರುವಾಗ ಹೊಲಿಯದ ಪಿನ್ಯಾ ಬಟ್ಟೆಯನ್ನೇ ಮೂರು ಮೀಟರ್ ತರಲು ಮಗಳಿಗೆ ಹೇಳಿದ್ದೇನೆ. ಕಾಲರ್ ಅಳತೆ ನಾನೇ ಹಾಕುತ್ತೇನೆ.