ಪೀಣ್ಯದ ಒಂದು ರೊಟ್ಟಿ ಖಾನಾವಳಿ: ಊಟ, ಉದ್ರಿ ಮತ್ತು ಕೆಲಸವಿಲ್ಲದ ದಿನಗಳು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ತಗಡಿನ ಚಾವಣಿಯ ಒಂದು ಜೋಳದ ರೊಟ್ಟಿ ಖಾನಾವಳಿ ಇದೆ. ವಿಜಯಪುರ ಜಿಲ್ಲೆಯಿಂದ ಬಂದ ದಂಪತಿ ಅದನ್ನು ನಡೆಸುತ್ತಾರೆ. ಬಾಗಿಲ ಮೇಲೆ ಬೋರ್ಡು ಇದ್ದರೂ ಆ ಹೆಸರನ್ನು ಯಾರೂ ಬಳಸುವುದಿಲ್ಲ. ಸುತ್ತಲಿನ ಕೆಲಸಗಾರರಿಗೆಲ್ಲ ಅದು ಅಕ್ಕನ ಖಾನಾವಳಿ. ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರಲ್ಲಿ ತಪಾಸಣೆಯ ಕೆಲಸ ಮಾಡುವ ನಾನು 2016ರಿಂದ ಇಲ್ಲಿ ಊಟ ಮಾಡುತ್ತಿದ್ದೇನೆ. ರುಚಿಯ ಬಗ್ಗೆ ಮಾತ್ರ ಬರೆಯುವುದಾಗಿದ್ದರೆ ನಾಲ್ಕು ಸಾಲು ಸಾಕಾಗುತ್ತಿತ್ತು. 2019 ಮತ್ತು 2020ರಲ್ಲಿ ಕೆಲಸ ಕುಸಿದಾಗ ಈ ಖಾನಾವಳಿ ನಡೆದುಕೊಂಡ ರೀತಿಯನ್ನು ಬಿಟ್ಟು ಅದರ ಗುಣವನ್ನು ಅಳೆಯಲು ನನಗೆ ಸಾಧ್ಯವಿಲ್ಲದ ಕಾರಣ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಊಟದ ಮಾತು. ಎರಡು ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ತರಕಾರಿ ಪಲ್ಯ, ಶೇಂಗಾ ಹಿಂಡಿ, ಹಸಿ ಈರುಳ್ಳಿ, ಅನ್ನ, ಸಾರು, ಮಜ್ಜಿಗೆ. ಇದು ಪೂರ್ತಿ ಊಟ. ಎಣ್ಣೆಗಾಯಿ ಮಾಡುವ ದಿನ ಮಧ್ಯಾಹ್ನ ಒಂದೂವರೆಯೊಳಗೆ ಹೋಗದಿದ್ದರೆ ಅದು ಸಿಗುವುದಿಲ್ಲ. ರೊಟ್ಟಿ ತೆಳುವಾಗಿಯೂ ಮೆತ್ತಗೂ ಇರುತ್ತದೆ, ಏಕೆಂದರೆ ಒಳಗೆ ಇಬ್ಬರು ಹೆಂಗಸರು ಊಟದವರು ಕುಳಿತ ಮೇಲೆಯೇ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕುತ್ತಾರೆ. ಪಲ್ಯಕ್ಕೆ ಸೋಡಾ ಹಾಕುವುದಿಲ್ಲ, ಎಣ್ಣೆ ಮಿತವಾಗಿರುತ್ತದೆ. ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವವನಿಗೆ ಊಟದ ನಂತರ ಹೊಟ್ಟೆ ಭಾರವಾಗದಿರುವುದು ಸಣ್ಣ ವಿಷಯವಲ್ಲ. ಸಾರು ಮಾತ್ರ ದಿನಕ್ಕೊಂದು ಬಗೆ, ಕೆಲವು ದಿನ ಬರೀ ಹುಳಿನೀರು.

ಇಲ್ಲಿ ತಿಂಗಳ ಊಟಕ್ಕೆ ಮೂವತ್ತು ಮನೆಗಳ ಕಾರ್ಡು ಕೊಡುತ್ತಾರೆ. ಉಂಡ ದಿನ ಒಂದು ಮನೆಗೆ ಗುರುತು ಹಾಕುತ್ತಾರೆ, ಉಣ್ಣದ ದಿನ ಲೆಕ್ಕಕ್ಕಿಲ್ಲ, ಉಳಿದ ಊಟ ಮುಂದಿನ ತಿಂಗಳಿಗೂ ನಡೆಯುತ್ತದೆ. ಕೆಲಸ ಚೆನ್ನಾಗಿದ್ದ ದಿನಗಳಲ್ಲಿ ಈ ನಿಯಮದ ಬೆಲೆ ನಮಗೆ ತಿಳಿದಿರಲಿಲ್ಲ.

2019ರ ಬೇಸಿಗೆಯಲ್ಲಿ ಅದು ತಿಳಿಯಿತು. ಹಿಂದಿನ ವರ್ಷದ ಕೊನೆಯಿಂದಲೇ ಹಣಕಾಸು ಸಂಸ್ಥೆಗಳು ವಾಹನ ಸಾಲ ಬಿಗಿ ಮಾಡಿದ್ದವು, ಕೊಳ್ಳುವವರು ಕಡಿಮೆಯಾಗಿದ್ದರು. 2019ರ ಆಗಸ್ಟ್‌ನಲ್ಲಿ ದೇಶದ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 31ಕ್ಕೂ ಹೆಚ್ಚು ಕುಸಿಯಿತು. ಕಾರಿನ ಕಂಪನಿ ತನ್ನ ಆರ್ಡರ್ ಇಳಿಸಿದರೆ ಅದಕ್ಕೆ ಮಾಲು ಕೊಡುವ ದೊಡ್ಡ ಘಟಕ ಹೊರಗಿನ ಸಣ್ಣ ಘಟಕಗಳಿಗೆ ಕೂಲಿಗೆ ಮಾಡಿಸಲು ಕೊಡುತ್ತಿದ್ದ ಕೆಲಸವನ್ನು, ಅಂದರೆ ಜಾಬ್‌ವರ್ಕನ್ನು, ಒಳಗೇ ಮಾಡಿಕೊಳ್ಳುತ್ತದೆ, ಆಗ ಪೀಣ್ಯದ ಇಪ್ಪತ್ತು ಮೂವತ್ತು ಜನರ ಘಟಕಗಳಿಗೆ ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಮೊದಲು ಹೋದದ್ದು ಓಟಿ, ಅಂದರೆ ಪಾಳಿಯ ಸಮಯ ಮೀರಿ ಮಾಡುವ ಹೆಚ್ಚುವರಿ ಕೆಲಸ. ಆಗಿನ ಕಾರ್ಖಾನೆ ಕಾಯ್ದೆಯ ಪ್ರಕಾರ ಓಟಿಗೆ ದುಪ್ಪಟ್ಟು ಕೂಲಿ ಇದ್ದುದರಿಂದ ಅನೇಕರ ಮನೆಬಾಡಿಗೆಯೂ ಊರಿಗೆ ಕಳಿಸುವ ಹಣವೂ ಅದರಲ್ಲೇ ಹೊಂದುತ್ತಿದ್ದವು. ಮೂಲ ಪಗಾರ ಕಡಿತವಾಗದಿದ್ದರೂ ಕೈಗೆ ಬರುವ ಹಣದಲ್ಲಿ ದೊಡ್ಡ ಭಾಗ ಕಡಿಮೆಯಾಯಿತು. ಆಮೇಲೆ ರಾತ್ರಿ ಪಾಳಿ ನಿಂತಿತು. ಅದರ ಹಿಂದೆಯೇ ಗುತ್ತಿಗೆಯ ಹುಡುಗರನ್ನು, ಯಾವ ಕಾಗದವನ್ನೂ ಕೊಡದೆ, ನಾಳೆಯಿಂದ ಬರುವುದು ಬೇಡವೆಂದು ಕಳಿಸಿದರು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇಆಫ್ ಆದವರಿಗೆ, ಅಂದರೆ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಗೆ ಕಳಿಸಿದವರಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕೆಂಬ ನಿಯಮ ಇತ್ತು. ಐವತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆಗೆ ಅದು ಅನ್ವಯಿಸುತ್ತಿರಲಿಲ್ಲ. ನಮ್ಮ ಬೀದಿಯ ಬಹುಪಾಲು ಘಟಕಗಳು ಅಷ್ಟು ದೊಡ್ಡವಲ್ಲ.

ಇದೆಲ್ಲ ಪತ್ರಿಕೆಗಳಿಗಿಂತ ಮೊದಲು ನನಗೆ ಕಂಡದ್ದು ಖಾನಾವಳಿಯ ಬಾಗಿಲಲ್ಲಿ. ಪೂರ್ತಿ ಊಟ ಮಾಡುವವರು ಕಡಿಮೆಯಾದರು, ಬರೀ ರೊಟ್ಟಿ ಕಟ್ಟಿಸಿಕೊಂಡು ಹೋಗುವವರು ಹೆಚ್ಚಾದರು. ನಾಲ್ಕು ರೊಟ್ಟಿ ಒಯ್ದರೆ ಊರಿಂದ ತಂದ ಹಿಂಡಿಯ ಜೊತೆ ರೂಮಿನಲ್ಲಿ ಇಬ್ಬರ ರಾತ್ರಿ ಊಟ ಆಗುತ್ತಿತ್ತು. ಬಡಿಯಬೇಕಾದ ರೊಟ್ಟಿ ಮೊದಲಿನಷ್ಟೇ ಇದ್ದು ಆದಾಯ ಮಾತ್ರ ಇಳಿಯುತ್ತಿರುವುದನ್ನು ಅಕ್ಕ ಒಂದೇ ತಿಂಗಳಲ್ಲಿ ಗುರುತಿಸಿದರು. ಅವರು ರೊಟ್ಟಿಯ ಬೆಲೆ ಏರಿಸಲಿಲ್ಲ. ಹತ್ತು ಊಟದ ಚಿಕ್ಕ ಕಾರ್ಡು ಮಾಡಿದರು, ಒಂದು ಪಲ್ಯದ ಅರ್ಧ ಊಟ ಶುರು ಮಾಡಿದರು, ಉದ್ರಿಗೆ ಬೇರೆಯೇ ಒಂದು ವಹಿ ಇಟ್ಟರು. ಕೆಲಸ ಹೋದ ಹುಡುಗನೊಬ್ಬ ಒಂದು ಸಂಜೆ ಒಳಗೆ ಬರಲು ಸಂಕೋಚಪಟ್ಟು ಹೊರಗೇ ನಿಂತಿದ್ದ. ಅಕ್ಕ ಅವನನ್ನು ಕರೆದು, “ಮೊದ್ಲ ಉಂಡು ಹೋಗು ತಮ್ಮಾ, ಲೆಕ್ಕ ಆಮ್ಯಾಲೆ ನೋಡೋಣು” ಎಂದದ್ದನ್ನು ಪಕ್ಕದ ಮೇಜಿನಿಂದ ನಾನು ಕೇಳಿದ್ದೇನೆ. ವಹಿಯಲ್ಲಿ ಬರೆದ ಹೆಸರನ್ನು ಅವರು ಎಂದೂ ಗಟ್ಟಿಯಾಗಿ ಓದುವುದಿಲ್ಲ. ಕೊಡಬೇಕಾದವನೇ ಬಂದು ಪುಟ ತೆರೆದು ತೋರಿಸಬೇಕು.

ಆ ವರ್ಷದ ಆಗಸ್ಟ್ ಉತ್ತರ ಕರ್ನಾಟಕದವರಿಗೆ ಎರಡು ಕಡೆಯಿಂದಲೂ ಕೆಟ್ಟದಾಗಿತ್ತು. ಇಲ್ಲಿ ಕೆಲಸ ಇಲ್ಲ, ಅಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತುಂಬಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳು ನೀರಲ್ಲಿ ನಿಂತಿದ್ದವು. ಊರಿಗೆ ಹೋಗಿ ಹೊಲದ ಕೆಲಸವಾದರೂ ಮಾಡೋಣ ಎಂಬ ದಾರಿಯೂ ಇರಲಿಲ್ಲ. ಹಾಗೆ ಸಿಕ್ಕಿಕೊಂಡ ಏಳೆಂಟು ಜನ ದಸರೆಯವರೆಗೆ ಈ ಖಾನಾವಳಿಯ ಉದ್ರಿಯ ಮೇಲೆಯೇ ಇದ್ದರು. ಅವರಲ್ಲಿ ಇಬ್ಬರು ತರಕಾರಿ ಹೆಚ್ಚಿ, ಪಾತ್ರೆ ತೊಳೆದು ಸ್ವಲ್ಪ ತೀರಿಸಿದರು.

ಈ ಔದಾರ್ಯದ ಖರ್ಚು ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು. ರೊಟ್ಟಿ ಬಡಿಯುವ ನಾಲ್ವರು ಹೆಂಗಸರಲ್ಲಿ ಇಬ್ಬರಿಗೆ ಅಕ್ಕ ಕೆಲಸ ಬಿಡಿಸಬೇಕಾಯಿತು. ಕಿರಾಣಿ ಅಂಗಡಿಯವರಿಗೆ ಕೊಡುವುದು ಎರಡು ತಿಂಗಳು ಹಿಂದೆ ಬಿತ್ತು, ಅವರು ಜೋಳದ ಮೂಟೆಗೆ ನಗದು ಕೇಳತೊಡಗಿದರು. ಎದುರಿನ ಚಹಾದ ಅಂಗಡಿ ರಾತ್ರಿ ಪಾಳಿಯ ಗಿರಾಕಿಗಳನ್ನೇ ನಂಬಿಕೊಂಡಿತ್ತು, ಅದು ಮುಚ್ಚಿತು. ಮೂರು ಮೂರು ಜನ ಇದ್ದ ಬಾಡಿಗೆ ರೂಮುಗಳಲ್ಲಿ ಐದೈದು ಜನ ಸೇರಿಕೊಂಡಾಗ ಉಳಿದ ರೂಮುಗಳು ಖಾಲಿ ಬಿದ್ದವು, ಆ ಬಾಡಿಗೆಯನ್ನು ನಂಬಿ ಸಾಲ ತೆಗೆದು ಮೇಲಂತಸ್ತು ಕಟ್ಟಿದ್ದ ಮನೆಯವರೂ ಕಂತಿಗೆ ಒದ್ದಾಡಿದರು. ಒಂದು ಯಂತ್ರ ನಿಂತರೆ ಅದರ ಮುಂದೆ ನಿಲ್ಲುವವನ ಪಗಾರ ಮಾತ್ರ ನಿಲ್ಲುತ್ತದೆಂದು ನಾನು ಅದುವರೆಗೆ ತಿಳಿದಿದ್ದೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಖಾನಾವಳಿಯೂ ಮುಚ್ಚಿತು. ಒಲೆ ಮಾತ್ರ ಆರಲಿಲ್ಲ. ಊರಿಗೆ ಹೋಗಲಾಗದೆ ರೂಮುಗಳಲ್ಲಿ ಉಳಿದವರಿಗೆ ದಿನಕ್ಕೊಂದು ಹೊತ್ತು ಅನ್ನ ಸಾರು ಹೋಗುತ್ತಿತ್ತು. ಮೇ ಮೊದಲ ವಾರ ಸರ್ಕಾರ ಉಚಿತವಾಗಿ ಬಿಟ್ಟ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಹೆಚ್ಚಿನವರು ಹೊರಟುಹೋದರು. ಆ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದೇಶದ ಆರ್ಥಿಕತೆ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಗ್ಗಿತೆಂದು ಸರ್ಕಾರದ ಮೊದಲ ಅಂದಾಜು ಹೇಳಿತು. ನಮ್ಮ ಬೀದಿಯಲ್ಲಿ ಆ ಕುಗ್ಗುವಿಕೆ ಉದ್ರಿ ವಹಿಯ ಹನ್ನೊಂದು ಪುಟಗಳಾಗಿ ಉಳಿಯಿತು. ಹೋದವರಲ್ಲಿ ಕೆಲವರು ಎಂದೂ ಮರಳಲಿಲ್ಲ. ಆದರೂ ಬಹಳಷ್ಟು ಜನ ಮುಂದಿನ ಒಂದೆರಡು ವರ್ಷಗಳಲ್ಲಿ ಫೋನಿನ ಮೂಲಕ ಹಣ ಕಳಿಸಿ ವಹಿಯಿಂದ ತಮ್ಮ ಹೆಸರು ಹೊಡೆದುಹಾಕಿಸಿದ್ದಾರೆ. ಇದನ್ನು ನನಗೆ ಹೇಳುವಾಗ ಅಕ್ಕ ಬಾಕಿ ಉಳಿದ ಮೊತ್ತವನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕುಂದುಗಳಿಲ್ಲವೆಂದಲ್ಲ. ಕೈ ತೊಳೆಯುವ ಜಾಗ ಇಕ್ಕಟ್ಟಾಗಿದೆ, ಮಳೆಗಾಲದಲ್ಲಿ ಅಲ್ಲಿ ಕಾಲಿಡುವುದು ಕಷ್ಟ. ರಾತ್ರಿ ಒಂಬತ್ತರ ನಂತರ ಬಿಸಿ ರೊಟ್ಟಿ ಮುಗಿದು ಕಡಕ್ ರೊಟ್ಟಿಯೇ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಪಾರ್ಸೆಲ್ ಒಯ್ಯುತ್ತಾರೆಯೇ ಹೊರತು ಒಳಗೆ ಕುಳಿತು ಉಣ್ಣುವುದಿಲ್ಲ. ಎರಡು ಮೇಜನ್ನು ಅವರಿಗೆ ಬಿಟ್ಟುಕೊಟ್ಟರೆ ಬರುತ್ತಾರೆಂದು ನಾನು ಹಲವು ಬಾರಿ ಹೇಳಿದ್ದೇನೆ, ಇನ್ನೂ ಆಗಿಲ್ಲ. ಬೆಲೆಯೂ ಏರಿದೆ: 2019ರಲ್ಲಿ 60 ರೂಪಾಯಿ ಇದ್ದ ಪೂರ್ತಿ ಊಟ ಈಗ 90 ರೂಪಾಯಿ. ಜೋಳ, ಶೇಂಗಾ, ಗ್ಯಾಸ್‌ಗಳ ಬೆಲೆ ನೋಡಿದರೆ ಇದು ನ್ಯಾಯವಾದದ್ದೇ.

ಹೊಸದಾಗಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದವರು ಮೊದಲ ತಿಂಗಳು ಹತ್ತು ಊಟದ ಕಾರ್ಡನ್ನೇ ತೆಗೆದುಕೊಳ್ಳಿ. ಅಕ್ಕ ಅದನ್ನು ಇಂದಿಗೂ ನಿಲ್ಲಿಸಿಲ್ಲ. ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಮಧ್ಯಾಹ್ನ ಎರಡರ ಪಾಳಿ ಬದಲಾಗುವ ಮೊದಲು ಹೋದರೆ ಜಾಗ ಸಿಗುತ್ತದೆ, ಎಣ್ಣೆಗಾಯಿ ಗುರುವಾರ ಮಾಡುತ್ತಾರೆ.