ಗ್ಲೊಮೆರುಲಸ್ ಬೇರ್ಪಡಿಸಲು ಜರಡಿಯೋ, ಕಾಂತೀಯ ಮಣಿಯೋ?

ಮೂತ್ರಪಿಂಡದಲ್ಲಿ ರಕ್ತ ಸೋಸುವ ಗ್ಲೊಮೆರುಲಸ್‌ಗಳ ಪಾಲು ತೀರಾ ಚಿಕ್ಕದು, ಬಹುಭಾಗ ನಳಿಕೆಗಳದ್ದೇ. ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ತಿಳಿಯಲು ಇಡೀ ಅಂಗವನ್ನು ಅರೆದು ಆರ್‌ಎನ್‌ಎ ತೆಗೆದರೆ, ಗ್ಲೊಮೆರುಲಸ್‌ನ ಸೋಸುವ ಜೀವಕೋಶಗಳಾದ ಪೊಡೊಸೈಟ್‌ಗಳ ಜೀನ್‌ಗಳು ಆ ರಾಶಿಯಲ್ಲಿ ಮುಚ್ಚಿಹೋಗುತ್ತವೆ. ಹೀಗಾಗಿ ಗ್ಲೊಮೆರುಲಸ್‌ಗಳನ್ನು ಮೊದಲು ಬೇರ್ಪಡಿಸಲೇಬೇಕು. ಅದಕ್ಕಿರುವ ವಿಧಾನಗಳಲ್ಲಿ ಜರಡಿ, ಕಾಂತೀಯ ಮಣಿ ಎರಡರಲ್ಲೂ ನಾನು ಕೆಲಸ ಮಾಡಿದ್ದೇನೆ.

ಜರಡಿ ವಿಧಾನ ಅಗ್ಗ. ಮೂತ್ರಪಿಂಡದ ಹೊರಪದರವನ್ನು ಸಣ್ಣಗೆ ಹೆಚ್ಚಿ ಮಂಜುಗಡ್ಡೆಯ ತಂಪಿನಲ್ಲಿಟ್ಟು ಬೇರೆ ಬೇರೆ ಕಣ್ಣಳತೆಯ ಜರಡಿಗಳಲ್ಲಿ ಒತ್ತಿ ತೊಳೆದರಾಯಿತು. ಮನುಷ್ಯರ ಗ್ಲೊಮೆರುಲಸ್ ಸುಮಾರು 200 ಮೈಕ್ರಾನ್ ಇರುವುದರಿಂದ ಅಚ್ಚುಕಟ್ಟಾಗಿ ಸಿಗುತ್ತದೆ. ಚಿಟ್ಟಿಲಿಯಲ್ಲಿ ಅದು ಇದರ ಅರ್ಧಕ್ಕೂ ಕಡಿಮೆ, ನಳಿಕೆಯ ತುಣುಕುಗಳೂ ಅದೇ ಗಾತ್ರದವು. ಪೊಡೊಸೈಟ್‌ನ ಗುರುತಾದ ನೆಫ್ರಿನ್ ಜೀನ್ ಹುಡುಕುವಾಗ ನಳಿಕೆಯ ಗುರುತಾದ ಮೆಗಾಲಿನ್ ಕೂಡ ಧಾರಾಳವಾಗಿ ಕಾಣಿಸಿಕೊಂಡರೆ ಆ ಮಾದರಿಯನ್ನು ನಾನು ನಂಬುವುದಿಲ್ಲ.

2002ರಲ್ಲಿ ಪ್ರಕಟವಾದ ಮಣಿ ವಿಧಾನ ಈ ತೊಡಕನ್ನು ಸೊಗಸಾಗಿ ಬಿಡಿಸಿತು. 4.5 ಮೈಕ್ರಾನ್ ಕಾಂತೀಯ ಮಣಿಗಳನ್ನು ಚಿಟ್ಟಿಲಿಯ ಹೃದಯದ ಮೂಲಕ ಹರಿಸಿದಾಗ ಅವು ಗ್ಲೊಮೆರುಲಸ್‌ನ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಡಿಸಿದ ಮಾದರಿಯಿರುವ ಕೊಳವೆಯನ್ನು ಕಾಂತಕ್ಕೆ ತಾಗಿಸಿದೊಡನೆ ಮಣಿ ತುಂಬಿದ ಗ್ಲೊಮೆರುಲಸ್‌ಗಳು ಕಂದು ಚುಕ್ಕೆಗಳಾಗಿ ಗೋಡೆಗೆ ಸರಿದು ಸಾಲುಗಟ್ಟುತ್ತವೆ, ನಳಿಕೆಗಳು ತಳಕ್ಕಿಳಿಯುತ್ತವೆ. ಚಿಟ್ಟಿಲಿಯ ಜೀನ್ ಅಭಿವ್ಯಕ್ತಿ ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಆದರೆ ಈ ವಿಧಾನದಲ್ಲಿ ಊತಕ ಬಿಡಿಸಲು 37 ಡಿಗ್ರಿ ಶಾಖದಲ್ಲಿ ಕೊಲಾಜಿನೇಸ್ ಎಂಬ ಕಿಣ್ವ ಬೇಕು. ಆ ಹೊತ್ತಿನಲ್ಲೇ ಜೀವಕೋಶಗಳು ಒತ್ತಡಕ್ಕೆ ಸಿಲುಕಿ ಫಾಸ್, ಜೂನ್ ಮುಂತಾದ ಜೀನ್‌ಗಳನ್ನು ಏರಿಸಿಬಿಡುತ್ತವೆ. ಅವುಗಳ ಏರಿಕೆಯನ್ನು ರೋಗದ ಲಕ್ಷಣವೆಂದು ಓದಬಾರದು.

ಪ್ರೋಟೀನ್‌ಗಳ ನಂಟಿನ ವಿಷಯಕ್ಕೆ ಬಂದರೆ ನನ್ನ ಒಲವು ಜರಡಿಯ ಕಡೆಗೆ. ಪೊಡೊಸೈಟ್‌ನ ಪ್ರೋಟೀನ್‌ಗಳಾದ ನೆಫ್ರಿನ್ ಮತ್ತು ಪೊಡೊಸಿನ್ ಒಂದನ್ನೊಂದು ಹಿಡಿದುಕೊಂಡೇ ಸೋಸುವ ಸಂದನ್ನು ಕಾಯುತ್ತವೆ. ಪೊಡೊಸಿನ್ ಕೆಟ್ಟರೆ ಎಳೆಯ ಮಕ್ಕಳ ಮೂತ್ರದಲ್ಲೂ ಪ್ರೋಟೀನ್ ಸೋರುತ್ತದೆ. ಮಾರುಕಟ್ಟೆಯ ಕಚ್ಚಾ ಕೊಲಾಜಿನೇಸ್‌ನಲ್ಲಿ ಪ್ರೋಟೀನ್ ಕತ್ತರಿಸುವ ಬೇರೆ ಕಿಣ್ವಗಳೂ ಇರುತ್ತವೆ. ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ನನ್ನ ಬ್ಲಾಟ್ ಪರೀಕ್ಷೆಗಳಲ್ಲಿ ನೆಫ್ರಿನ್ ಪಟ್ಟಿ ಮಣಿಯ ಮಾದರಿಯಲ್ಲಿ ಮಸುಕಾಗಿಯೂ, ತಂಪಿನಲ್ಲೇ ಜರಡಿ ಹಿಡಿದ ಮಾದರಿಯಲ್ಲಿ ಗಟ್ಟಿಯಾಗಿಯೂ ಮೂಡಿತು. ಪೊಡೊಸಿನ್ ಪ್ರತಿಕಾಯದಿಂದ ಸೆಳೆದಾಗ ನೆಫ್ರಿನ್ ಜೊತೆಗೇ ಬಂದದ್ದು ಈ ಜರಡಿಯ ಮಾದರಿಯಲ್ಲಿ ಮಾತ್ರ.

ಹೃದಯದಿಂದ ಹರಿಸಿದ ಮಣಿಗಳು ಎರಡೂ ಮೂತ್ರಪಿಂಡಗಳಿಗೆ ಸೇರುತ್ತವೆ. ಆದ್ದರಿಂದ ಒಂದನ್ನು ಮಣಿಯಿಲ್ಲದೆ ಜರಡಿಗೆ ಉಳಿಸಿಕೊಳ್ಳಬೇಕಿದ್ದರೆ, ಹರಿಸುವ ಮೊದಲೇ ಅದರ ರಕ್ತನಾಳವನ್ನು ಕಟ್ಟಿ ಹೊರತೆಗೆದಿರಬೇಕು.